ಮಡಿಕೇರಿಯ ಕೆತ್ತನೆ ಅಂಗಡಿ: ಹಿತ್ತಾಳೆ ಚೊಕ್ಕ, ಲ್ಯಾಟಿನ್ ಕ್ರಿಯಾಪದ ತೊಡಕು

ಸೇನೆಯಿಂದ ನಿವೃತ್ತರಾಗಿ ಬಂದ ಮೇಲೆ ಕಾಲು ನಡೆಯುವಷ್ಟು ದಿನವೂ ಊರಿನ ಹುಡುಗರಿಗೆ ಹಾಕಿ ಆಟ ಕಲಿಸಿದ ನನ್ನ ತಂದೆಯವರ ನೆನಪಿಗೆ ಒಂದು ರೋಲಿಂಗ್ ಟ್ರೋಫಿ ಕೊಡುವುದೆಂದು ಈ ವರ್ಷ ಮನೆಯವರೆಲ್ಲ ನಿಶ್ಚಯಿಸಿದೆವು. ಅದರ ಪೀಠಕ್ಕೆ ಹಚ್ಚುವ ಹಿತ್ತಾಳೆ ಫಲಕವನ್ನು ಮಡಿಕೇರಿಯ ಅಂಗಡಿಯೊಂದರಲ್ಲಿ ಮಾಡಿಸಿದೆ. ರಬ್ಬರ್ ಸ್ಟ್ಯಾಂಪು, ತೋಟದ ಗೇಟಿನ ಬೋರ್ಡು, ಶೀಲ್ಡು ಇವೆಲ್ಲವನ್ನೂ ಮಾಡುವ ಈ ಅಂಗಡಿಯವರು ₹300 ಹೆಚ್ಚಿಗೆ ಕೊಟ್ಟರೆ ಇಂಗ್ಲಿಷ್ ಧ್ಯೇಯವಾಕ್ಯವನ್ನು ಲ್ಯಾಟಿನ್ನಿಗೆ ತಿರುಗಿಸಿಯೂ ಕೆತ್ತಿಕೊಡುತ್ತಾರೆ. 'ಲ್ಯಾಟಿನ್ ಇದ್ದರೆ ಅದರ ಗತ್ತೇ ಬೇರೆ ಸರ್' ಎಂಬ ಮಾಲೀಕರ ಮಾತಿಗೆ ನಾನು ಸೋತೆ. ನಮ್ಮ ತೋಟದ ಕಾಫಿಯ ಹೆಸರು 'ರೊಬಸ್ಟಾ' ಕೂಡ 'ಗಟ್ಟಿಮುಟ್ಟಾದದ್ದು' ಎಂಬರ್ಥದ ಲ್ಯಾಟಿನ್ ಪದವೇ ತಾನೇ.

ಕೆತ್ತನೆಯ ಬಗ್ಗೆ ಆಕ್ಷೇಪವಿಲ್ಲ. ಅಕ್ಷರಗಳ ಅಂಚು ಉಗುರಿಗೆ ತಡೆಯುವುದಿಲ್ಲ. ತಂದೆಯವರ ಹೆಸರಿನ ಒತ್ತಕ್ಷರಗಳು ಕೂಡ ಮೇಲಿನ ಅಕ್ಷರಕ್ಕೆ ತಾಗದೆ ಬಿಡಿಬಿಡಿಯಾಗಿ ನಿಂತಿವೆ.

ತೊಡಕಾದದ್ದು ಒಂದೇ ಒಂದು ಕ್ರಿಯಾಪದದಿಂದ. ನಾನು ಬರೆದುಕೊಟ್ಟದ್ದು 'ಸರ್ವ್ ದಿ ಕಂಟ್ರಿ' ಎಂಬ ವಾಕ್ಯ. ಮೊದಲ ಕರಡಿನಲ್ಲಿ 'ಸೆರ್ವಾ ಪತ್ರಿಯಂ' ಎಂದಿತ್ತು. ನಿಘಂಟು ತೆರೆದು ನೋಡಿದರೆ ಲ್ಯಾಟಿನ್ನಿನಲ್ಲಿ ಕಿವಿಗೆ ಒಂದೇ ತರಹ ಕೇಳುವ ಎರಡು ಧಾತುಗಳಿವೆ: 'ಸೆರ್ವಾರೆ' ಎಂದರೆ ಕಾಪಾಡುವುದು, 'ಸೆರ್ವೀರೆ' ಎಂದರೆ ಸೇವೆ ಸಲ್ಲಿಸುವುದು. ನಾಡನ್ನು ಕಾಪಾಡು ಎಂಬುದು ಯೋಧನಿಗೆ ಒಪ್ಪುವ ಮಾತೇ ಆದರೂ ನಾನು ಕೇಳಿದ್ದು ಅದಲ್ಲವಾದ್ದರಿಂದ ತಿದ್ದಿಕೊಡಲು ಹೇಳಿ ಬಂದೆ. ಎರಡು ದಿನ ಬಿಟ್ಟು ಹೋದಾಗ, ಮತ್ತೆ ಕರಡು ತೋರಿಸದೆಯೇ, 'ಪತ್ರಿಯೈ ಸೆರ್ವೀ' ಎಂದು ಕೆತ್ತಿ ಹೊಳಪು ಹಾಕಿ ಇಟ್ಟಿದ್ದರು.

ವ್ಯಾಕರಣದ ಮಟ್ಟಿಗೆ ಇದರಲ್ಲಿ ತಪ್ಪಿಲ್ಲ. ಇಂಗ್ಲಿಷಿನಲ್ಲಿ ನಾಡು ಕರ್ಮವಾಗಿ ಬರುತ್ತದೆ. ಲ್ಯಾಟಿನ್ನಿನ 'ಸೆರ್ವೀರೆ' ಮಾತ್ರ ನಮ್ಮ 'ನಾಡಿಗೆ' ಎಂಬಂತೆ ಚತುರ್ಥಿ ವಿಭಕ್ತಿಯನ್ನೇ ಬೇಡುತ್ತದೆ, 'ಪತ್ರಿಯೈ' ಆಗಿರುವುದು ಅದಕ್ಕೇ. ಆದರೆ ಸೆಮಿನರಿಯಲ್ಲಿ ಲ್ಯಾಟಿನ್ ಓದಿದ ವಿರಾಜಪೇಟೆಯ ಹಿರಿಯ ಪಾದ್ರಿಯೊಬ್ಬರಿಗೆ ಫಲಕ ತೋರಿಸಿದಾಗ ಅವರು ನಕ್ಕು, 'ಮೇಷ್ಟ್ರೇ, ಇದನ್ನು ನಾಡಿನ ಗುಲಾಮರು ಅಂತಲೂ ಓದಬಹುದಲ್ಲ' ಎಂದರು. 'ಪತ್ರಿಯೈ' ಷಷ್ಠಿಯ ರೂಪವೂ ಹೌದು. 'ಸೆರ್ವೀ' ಎಂಬುದು ಗುಲಾಮ ಎಂಬರ್ಥದ 'ಸೆರ್ವುಸ್' ಪದದ ಬಹುವಚನವೂ ಹೌದು. ಹ್ರಸ್ವ ದೀರ್ಘ ನೋಡಿ ಬಿಡಿಸೋಣವೆಂದರೆ ಎರಡರಲ್ಲಿಯೂ ಕೊನೆಯದು ದೀರ್ಘವೇ.

ಅಂಗಡಿಯವರು ಅಕ್ಷರದ ಮಾದರಿ, ಅಳತೆ, ಮೊಳೆಯ ತೂತಿನ ಜಾಗ ಎಲ್ಲವನ್ನೂ ಕೇಳಿದರು. ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಮಾತ್ರ ಕೇಳಲಿಲ್ಲ. ಇಂಗ್ಲಿಷಿನ ಕ್ರಿಯಾಪದ ಒಬ್ಬನಿಗೂ ಹನ್ನೊಂದು ಮಂದಿಗೂ ಒಂದೇ ರೂಪದಲ್ಲಿ ಸಲ್ಲುತ್ತದೆ. ಲ್ಯಾಟಿನ್ನಿನಲ್ಲಿ ಒಬ್ಬನಿಗೆ 'ಸೆರ್ವೀ', ಹಲವರಿಗೆ 'ಸೆರ್ವೀತೆ'. ನಮ್ಮ 'ಸಲ್ಲಿಸಿರಿ' ಹಿರಿಯರೊಬ್ಬರಿಗೂ ಒಪ್ಪುವಂತೆ ಪ್ರಾಚೀನ ಲ್ಯಾಟಿನ್ನಿನ ಬಹುವಚನಕ್ಕೆ ಗೌರವದ ಅರ್ಥವಿಲ್ಲ. ನಿಘಂಟಿನ ತಲೆಪದವನ್ನೇ ಎತ್ತಿಕೊಳ್ಳೋಣವೆಂದರೆ ಅಲ್ಲಿರುವ 'ಸೆರ್ವಿಯೋ' ಎಂಬುದಕ್ಕೆ 'ನಾನು ಸೇವೆ ಸಲ್ಲಿಸುತ್ತೇನೆ' ಎಂದರ್ಥ, ಅಂದರೆ ಟ್ರೋಫಿಯೇ ಜಂಬ ಕೊಚ್ಚಿಕೊಂಡಂತಾಗುತ್ತದೆ. ಕೊನೆಗೆ ಪಾದ್ರಿಗಳೇ ಬರೆದುಕೊಟ್ಟ 'ಪತ್ರಿಯೈ ಸೆರ್ವೀಮುಸ್', ನಾಡಿಗೆ ನಾವು ಸೇವೆ ಸಲ್ಲಿಸುತ್ತೇವೆ, ಎಂಬುದನ್ನು ಒಪ್ಪಿಕೊಂಡೆ. ತಂಡವೊಂದು ಎತ್ತಿ ಹಿಡಿಯುವ ಟ್ರೋಫಿಗೆ ಅದು ಸರಿಯಾಗಿ ಕೂರುತ್ತದೆ.

ಮಾಲೀಕರು ವಾದಕ್ಕಿಳಿಯಲಿಲ್ಲ. ಅನುವಾದದ ₹300 ಹಿಂದಿರುಗಿಸಿ, ಹೊಸ ತಗಡಿನ ಖರ್ಚು ಬೇಡವೆಂದು ಅದನ್ನೇ ಮಗುಚಿ ಹಿಂಬದಿಗೆ ಕೆತ್ತಿಕೊಟ್ಟರು. ಕೆತ್ತನೆಗೆ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ, ಲ್ಯಾಟಿನ್ನನ್ನು ಮಾತ್ರ ವಿರಾಜಪೇಟೆಯಿಂದ ಬರೆಸಿಕೊಂಡು. ಗುಲಾಮರು ಈಗ ಪೀಠದ ಬೀಟೆಮರಕ್ಕೆ ಮುಖಮಾಡಿ ಕುಳಿತಿದ್ದಾರೆ.