ಹಬ್ಬದ ತಟ್ಟೆಯಲ್ಲಿದ್ದ ಒಣದ್ರಾಕ್ಷಿ: ನಾಯಿ ಸಾಕಿದವರು ದಯವಿಟ್ಟು ಓದಿ

ಕಳೆದ ದೀಪಾವಳಿಯಲ್ಲಿ ನಮ್ಮ ಕೆಂಚ ಸಾಯುವ ಹಾಗಾಗಿದ್ದ. ಪಟಾಕಿಯಿಂದ ಅಲ್ಲ. ನಾವೇ ಪ್ರೀತಿಯಿಂದ ಕೊಟ್ಟ ಕೇಸರಿಬಾತಿನಿಂದ. ಇನ್ನೊಬ್ಬರ ಮನೆಯಲ್ಲಿ ಹೀಗಾಗದಿರಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಕೆಂಚ ನಾಟಿ ನಾಯಿ. ಒಂದು ಮಳೆಗಾಲದಲ್ಲಿ ನೆನೆದು ನಡುಗುತ್ತಾ ನಮ್ಮ ಗೇಟಿನ ಹತ್ತಿರ ಕೂತಿದ್ದ ಮರಿ. ಈಗ 16 ಕೆ.ಜಿ. ತೂಗುತ್ತಾನೆ. ಪಟಾಕಿ ಅಂದರೆ ಅವನಿಗೆ ಜೀವ ಹೋದಷ್ಟು ಭಯ. ಹಾಗಾಗಿ ಹಬ್ಬಕ್ಕೆ ಒಂದು ವಾರ ಮುಂಚೆಯೇ ತಯಾರಿ ಮಾಡಿದ್ದೆವು. ಒಳಗಿನ ರೂಮಿನ ಕಿಟಕಿಗೆ ದಪ್ಪ ಕಂಬಳಿ ಕಟ್ಟಿದೆವು. ಕತ್ತಿನ ಪಟ್ಟಿಗೆ ನಮ್ಮ ಫೋನ್ ನಂಬರಿನ ಬಿಲ್ಲೆ ಹಾಕಿದೆವು. ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸುತ್ತಿದ್ದೆವು. ಕಷ್ಟ ಬಂದರೆ ಬೀದಿ ಕಡೆಯಿಂದಲೇ ಬರುತ್ತೆ ಅಂತ ನಂಬಿದ್ದೆವು. ಅಡುಗೆಮನೆ ಕಡೆ ಯಾರೂ ನೋಡಲಿಲ್ಲ.

ನೇಪಾಳದಲ್ಲಿ ನರಕ ಚತುರ್ದಶಿಯ ಹೊತ್ತಿಗೆ ನಾಯಿಗಳಿಗೆ ಹಾರ ಹಾಕಿ, ಹಣೆಗೆ ತಿಲಕ ಇಟ್ಟು, ಊಟ ಕೊಡುತ್ತಾರೆ. ಕುಕುರ್ ತಿಹಾರ್ ಅಂತ ಅದರ ಹೆಸರು. ಅದರ ಫೋಟೋಗಳನ್ನು ಮಗಳು ಫೋನಿನಲ್ಲಿ ನೋಡಿದ್ದಳು. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗೇ ಒಂದು ಗುಡಿ ಇದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಒಮ್ಮೆ ಅಲ್ಲಿಗೂ ಹೋಗಿದ್ದೆವು. ಅದೂ ಅವಳಿಗೆ ನೆನಪಿತ್ತು. "ಅಜ್ಜಿ, ಕೆಂಚನಿಗೂ ಪೂಜೆ ಮಾಡೋಣ" ಅಂತ ಹಟ ಹಿಡಿದಳು. ನಮ್ಮತ್ತೆ "ಮಾಡೋಣ ಬಿಡು ಪುಟ್ಟಿ, ಭೈರವನ ವಾಹನ ಅಲ್ವಾ" ಅಂದರು. ಬಲಿಪಾಡ್ಯಮಿ ದಿನ ಊರಲ್ಲಿ ದನಗಳಿಗೆ ಪೂಜೆ ಮಾಡುತ್ತಾರೆ. ನಮ್ಮನೇಲಿ ದನ ಇಲ್ಲ, ಕೆಂಚ ಇದ್ದಾನೆ. ಅವನಿಗೆ ಪೂಜೆ ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಚೆಂಡುಹೂವಿನ ಹಾರ, ಕುಂಕುಮ, ಆರತಿ ಎಲ್ಲ ಆಯಿತು. ಆಮೇಲೆ ಬಾಳೆ ಎಲೆಯ ತುಂಡಿನ ಮೇಲೆ ಕೇಸರಿಬಾತು. ನಮ್ಮತ್ತೆ ಕೇಸರಿಬಾತು ಮಾಡಿದರೆ ತುಪ್ಪದಲ್ಲಿ ಹುರಿದ ಗೋಡಂಬಿ, ಒಣದ್ರಾಕ್ಷಿ ಧಾರಾಳ. ಕೆಂಚ ಎಲೆ ಸಮೇತ ನೆಕ್ಕಿದ. ನಾವು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದೆವು.

ಸಂಜೆ ಆರಕ್ಕೆ ವಾಂತಿ ಮಾಡಿಕೊಂಡ. ಹೊರಗೆ ಆಗಲೇ ಪಟಾಕಿ ಶುರುವಾಗಿತ್ತು. ಹೆದರಿಕೆಗೆ ಹೀಗಾಗಿದೆ ಅಂದುಕೊಂಡೆವು. ಎಂಟಕ್ಕೆ ಮತ್ತೆ ವಾಂತಿ. ಅದರಲ್ಲಿ ಉಬ್ಬಿದ ದ್ರಾಕ್ಷಿಗಳು ಕಾಣಿಸಿದವು. ನೋಡಿಯೂ ನನಗೆ ಹೊಳೆಯಲಿಲ್ಲ. ನಾವು ಯಾವಾಗಲೂ ಹೋಗುವ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ಎತ್ತಿದವರು "ಹಬ್ಬ ಮೇಡಂ, ಡಾಕ್ಟರ್ ಇಲ್ಲ, ಮೊಸರನ್ನ ಕೊಡಿ, ನಾಳೆ ನೋಡೋಣ" ಅಂದರು. ಏನು ತಿಂದಿದೆ ಅಂತ ಒಂದು ಮಾತು ಕೇಳಲಿಲ್ಲ. ಪಕ್ಕದ ಮನೆಯವರು "ನಮ್ಮ ಹಳ್ಳಿ ನಾಯಿಗಳು ಏನೇನೋ ತಿಂದು ಬದುಕಿಲ್ವಾ, ಸುಮ್ನೆ ಗಾಬರಿ ಬೀಳಬೇಡಿ" ಅಂತ ಧೈರ್ಯ ಹೇಳಿದರು. ನನಗೂ ಆ ಮಾತು ಬೇಕಿತ್ತು, ನಂಬಿಬಿಟ್ಟೆ. ರಾತ್ರಿಯೆಲ್ಲ ಅವನು ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಮಲಗಿದ್ದ. ನೀರೂ ಮುಟ್ಟಲಿಲ್ಲ. ಬೆಳಿಗ್ಗೆ ಹೊರಗೆ ಬಿಟ್ಟರೆ ನಾಲ್ಕು ಹನಿ ಉಚ್ಚೆ, ಅಷ್ಟೇ.

ಮಾರನೇ ದಿನ ಒಂಬತ್ತಕ್ಕೆ ಬೇರೆ ಒಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರ ಮೊದಲ ಪ್ರಶ್ನೆಯೇ "ಹಬ್ಬದ ಅಡುಗೆ ಏನು ಕೊಟ್ರಿ?" ದ್ರಾಕ್ಷಿ ಅಂದ ಕೂಡಲೇ ಬರೆಯುವುದನ್ನು ನಿಲ್ಲಿಸಿದರು. ಎಷ್ಟು ಅಂತ ಕೇಳಿದರು. ಹತ್ತು ಹನ್ನೆರಡು ಇರಬಹುದು ಅಂದೆ. ಆಗ ಮಗಳು ನನ್ನ ಸೆರಗು ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದಳು. ಅವನಿಗೆ ಇಷ್ಟ ಆಯಿತು ಅಂತ ಡಬ್ಬದಿಂದ ಇನ್ನೂ ಒಂದು ಹಿಡಿ ತಂದು ತಿನ್ನಿಸಿದ್ದಳಂತೆ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 4.6 ಬಂತು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಅಂಶ ಅದು. ಆರೋಗ್ಯವಾಗಿರುವ ನಾಯಿಗೆ ಅದು ಹೆಚ್ಚೆಂದರೆ ಒಂದೂವರೆ ಆಸುಪಾಸಿನಲ್ಲಿರಬೇಕು. ಕಿಡ್ನಿಗೆ ಏಟು ಬಿದ್ದಿತ್ತು.

ಡಾಕ್ಟರ್ ಹೇಳಿದ್ದು ಇಷ್ಟು. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಹುದು. ಒಣಗಿದ್ದರಲ್ಲಿ ವಿಷ ಇನ್ನೂ ಗಟ್ಟಿ. ಯಾಕೆ ಅಂತ ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಹೇಳಿದರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ತುಂಬಾ ಇದೆ. ಹುಣಸೆ ತಿಂದ ನಾಯಿಗಳಲ್ಲೂ ಇದೇ ತೊಂದರೆ ಕಂಡಿದೆ. ಎಷ್ಟು ತಿಂದರೆ ಅಪಾಯ ಅಂತ ಲೆಕ್ಕ ಹೇಳುವುದಕ್ಕೆ ಬರುವುದಿಲ್ಲ. ಒಂದು ನಾಯಿ ಬೊಗಸೆ ತಿಂದರೂ ಏನೂ ಆಗದಿರಬಹುದು, ಇನ್ನೊಂದಕ್ಕೆ ನಾಲ್ಕೈದೇ ಸಾಕು. ಹೋದ ಸಲ ಏನೂ ಆಗಲಿಲ್ಲ ಅನ್ನುವ ಧೈರ್ಯ ಬೇಡ.

ಇದಕ್ಕೆ ಪ್ರತಿವಿಷ ಇಲ್ಲ. ತಿಂದ ಒಂದೆರಡು ಗಂಟೆಯೊಳಗೆ ಡಾಕ್ಟರ್ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರೆ ವಿಷದ ಬಹುಪಾಲು ಹೊರಗೆ ಬರುತ್ತೆ. ಆಮೇಲೆ ಎರಡು ಮೂರು ದಿನ ಡ್ರಿಪ್. ನಾವು ಕಳೆದುಕೊಂಡಿದ್ದು 22 ಗಂಟೆ. ಆ ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ. ಇನ್ನೊಂದು ಮಾತು. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. ಉಪ್ಪು ಜಾಸ್ತಿಯಾದರೆ ಅದೇ ನಾಯಿಯ ಪ್ರಾಣ ತೆಗೆಯಬಹುದು.

ಐದು ದಿನ ಡ್ರಿಪ್ ಹಾಕಿಸಿದೆವು. ಎರಡನೇ ದಿನ ಉಚ್ಚೆ ಹೆಚ್ಚು ಕಡಿಮೆ ನಿಂತೇಹೋಗಿತ್ತು. ಡಾಕ್ಟರ್ ಆ ದಿನ ನಮಗೆ ಏನೂ ಭರವಸೆ ಕೊಡಲಿಲ್ಲ. ಮೂರನೇ ದಿನ ಸಂಜೆ ಕ್ಲಿನಿಕ್ಕಿನ ಅಂಗಳದಲ್ಲಿ ಬೇವಿನ ಮರದ ಬುಡದಲ್ಲಿ ಕಾಲೆತ್ತಿ ನಿಂತ. ಎಷ್ಟು ಹೊತ್ತು ಹೊಯ್ದ ಅಂದರೆ ಡಾಕ್ಟರೇ ಹೊರಗೆ ಬಂದು ನೋಡಿದರು. ನಮ್ಮನೆಯವರು ಅಲ್ಲೇ ಕಟ್ಟೆ ಮೇಲೆ ಕೂತು ಅತ್ತುಬಿಟ್ಟರು.

ಬದುಕಿದ್ದಾನೆ. ಆದರೆ ಕಿಡ್ನಿ ಮೊದಲಿನ ಹಾಗಾಗಲಿಲ್ಲ. ಕ್ರಿಯಾಟಿನಿನ್ ಎರಡರ ಮೇಲೇ ನಿಂತಿದೆ. ಡಾಕ್ಟರ್ ಬರೆದುಕೊಟ್ಟ ಊಟ ಮಾತ್ರ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಇದು ಕೊನೆಯವರೆಗೂ.

ನಮ್ಮ ಹಬ್ಬದ ಅಡುಗೆಯಲ್ಲಿ ದ್ರಾಕ್ಷಿ ಎಲ್ಲೆಲ್ಲಿ ಅಡಗಿದೆ ಅಂತ ಒಮ್ಮೆ ಯೋಚಿಸಿ ನೋಡಿ. ಪಾಯಸ, ಸಿಹಿ ಪೊಂಗಲ್, ಬೂಂದಿ ಲಾಡು. ಕೆಲವರ ಮನೆಯಲ್ಲಿ ಪಂಚಾಮೃತಕ್ಕೂ ಹಾಕುತ್ತಾರೆ. ಹೊಟ್ಟೆಗೆ ತಂಪು ಅಂತ ನಾಯಿಗೆ ಕೊಡುವ ಮೊಸರನ್ನಕ್ಕೂ ಹಬ್ಬದ ದಿನ ಹಸಿ ದ್ರಾಕ್ಷಿ ಬಿದ್ದಿರುತ್ತೆ. ಪುಳಿಯೋಗರೆಯಲ್ಲಿ ಹುಣಸೆ. ಬಿಸಿಬೇಳೆಬಾತಿನಲ್ಲಿ ಹುಣಸೆಯ ಜೊತೆಗೆ ಈರುಳ್ಳಿಯೂ ಇರುತ್ತೆ, ಅದು ನಾಯಿಯ ರಕ್ತ ಕೆಡಿಸುತ್ತೆ. ಉಡುಗೊರೆ ಡಬ್ಬದ ಚಾಕೊಲೇಟ್ ಬೇಡವೇ ಬೇಡ. ಶುಗರ್ ಫ್ರೀ ಸಿಹಿಗಳಲ್ಲಿ ಸಕ್ಕರೆ ಬದಲು ಹಾಕುವ ಜೈಲಿಟಾಲ್ ಇದ್ದರೆ ಅದಂತೂ ಬಹಳ ಬೇಗ ಅಪಾಯ ಮಾಡುತ್ತೆ. ನಿಮ್ಮ ನಾಯಿಗೂ ಹಬ್ಬ ಮಾಡಿ, ಖಂಡಿತ ಮಾಡಿ. ಆರೋಗ್ಯವಾಗಿದ್ದರೆ ಉಪ್ಪು ಹಾಕದೆ ಬೇಯಿಸಿದ ಗೆಣಸು ಅಥವಾ ಕ್ಯಾರೆಟ್ ಸ್ವಲ್ಪ ಕೊಡಿ, ಅದು ಅದಕ್ಕೂ ಹಬ್ಬವೇ. ಪೂಜೆ ಮುಗಿದ ಕೂಡಲೇ ಹಾರ ತೆಗೆದುಬಿಡಿ. ಹೂವಿನ ಜೊತೆ ದಾರ ನುಂಗಿದರೆ ಕರುಳಿನೊಳಗೆ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗಬಹುದು.

ಹಬ್ಬದ ಹಿಂದಿನ ದಿನವೇ ಎರಡು ಮೂರು ಕ್ಲಿನಿಕ್ಕಿಗೆ ಫೋನ್ ಮಾಡಿ, ನಾಳೆ ರಾತ್ರಿ ಯಾರು ಇರುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮನೆಗೆ ಬರುವ ಹಿರಿಯರಿಗೆ, ಮಕ್ಕಳಿಗೆ ಮೊದಲೇ ಹೇಳಿಡಿ. ಕೈಯಲ್ಲಿದ್ದ ತಿಂಡಿ ನಾಯಿಗೆ ಕೊಡುವುದು ಅವರ ಪ್ರೀತಿ. ಗೊತ್ತಿಲ್ಲದಿದ್ದರೆ ಅವರಾದರೂ ಏನು ಮಾಡಿಯಾರು? ನಮ್ಮತ್ತೆ ಇವತ್ತಿಗೂ ಕೇಸರಿಬಾತು ಮಾಡುವಾಗ ದ್ರಾಕ್ಷಿ ಹಾಕುವುದಿಲ್ಲ.

ಈ ಸಲ ಗಣೇಶನ ಹಬ್ಬಕ್ಕೆ ಬಂದ ನೆಂಟರೊಬ್ಬರು ಲಾಡು ಮುರಿದು ಕೆಂಚನ ಬಾಯಿಗೆ ಇಡಲು ಹೋದರು. ನಾನು ನೋಡುವಷ್ಟರಲ್ಲಿ ಮಗಳು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಬೇಡ ಮಾಮ, ಬೇಡ" ಅಂತ ಅವಳ ಧ್ವನಿ ನಡುಗುತ್ತಿತ್ತು. ಅವಳಿಗೆ ಏಳು ವರ್ಷ. ಆ ದಿನ ಊಟಕ್ಕೂ ಎದ್ದು ಬರಲಿಲ್ಲ, ಎಲ್ಲರೂ ಹೋಗುವವರೆಗೆ ಅವನ ಪಕ್ಕದಲ್ಲೇ ಕೂತಿದ್ದಳು.