ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕ ವ್ಯವಸ್ಥೆ: ತಾಯಿಯೊಬ್ಬಳ ಮೂರು ವರ್ಷಗಳ ಅನುಭವ

ನನ್ನ ಇಬ್ಬರು ಮಕ್ಕಳೂ ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾರೆ. 2023ರಿಂದ ನಾನು ಆ ಶಾಲೆಯ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆಯೂ ಹೌದು. ಖಾಲಿ ಹುದ್ದೆಗಳಿರುವ ಕಡೆ ತರಗತಿಗಳು ಅನಾಥವಾಗದಿರಲೆಂದು ರಾಜ್ಯ ಸರ್ಕಾರ ಪ್ರತಿ ವರ್ಷ ಹಣ ಕೊಟ್ಟು ನೇಮಿಸುವ ಅತಿಥಿ ಶಿಕ್ಷಕರ ಸೇವೆಯನ್ನು ಈ ಮೂರು ವರ್ಷಗಳಲ್ಲಿ ಹತ್ತಿರದಿಂದ ಕಂಡಿದ್ದೇನೆ. ಹೋಟೆಲಿನ ಊಟದ ಬಗ್ಗೆ, ಬಸ್ಸಿನ ಸೇವೆಯ ಬಗ್ಗೆ ಜನ ತಮ್ಮ ಅಭಿಪ್ರಾಯ ಬರೆಯುವಾಗ, ನಮ್ಮದೇ ತೆರಿಗೆಯಿಂದ ನಡೆಯುವ ಈ ಸೇವೆ ಹೇಗಿದೆ ಎಂಬುದನ್ನೂ ಅದನ್ನು ಬಳಸುವವರೇ ಬರೆಯಬೇಕೆಂದು ನನಗೆ ಅನ್ನಿಸಿತು.

ಮೊದಲು ನಮ್ಮ ಶಾಲೆಯ ಸ್ಥಿತಿಯನ್ನು ಹೇಳುತ್ತೇನೆ. ಒಂದರಿಂದ ಏಳನೆಯ ತರಗತಿಯವರೆಗೆ ಒಟ್ಟು 118 ಮಕ್ಕಳಿದ್ದಾರೆ. ಮಂಜೂರಾದ ಹುದ್ದೆಗಳು ಆರು. ನಾನು ಸಮಿತಿಗೆ ಬಂದಾಗ ಅವುಗಳಲ್ಲಿ ಎರಡು ಖಾಲಿಯಿದ್ದವು. 118 ಮಕ್ಕಳಿಗೆ ನಾಲ್ವರು ಶಿಕ್ಷಕರೆಂದರೆ ಒಬ್ಬರಿಗೆ ಸುಮಾರು 30 ಮಕ್ಕಳು, ಇದು ಅಷ್ಟೇನೂ ಕೆಟ್ಟ ಲೆಕ್ಕವಲ್ಲ ಎಂದು ಕಾಗದ ನೋಡಿದವರಿಗೆ ಕಾಣಬಹುದು. ಆದರೆ ಆ ನಾಲ್ವರಲ್ಲಿ ಒಬ್ಬರು ಮುಖ್ಯ ಶಿಕ್ಷಕರು. ಬಿಸಿಯೂಟದ ಲೆಕ್ಕ, ಹಾಲು ಮತ್ತು ಮೊಟ್ಟೆಯ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ತಾಲ್ಲೂಕು ಕೇಂದ್ರದ ಸಭೆಗಳು ಇವುಗಳ ನಡುವೆ ಅವರಿಗೆ ಪಾಠಕ್ಕೆ ಉಳಿಯುವ ಸಮಯ ಬಹಳ ಕಡಿಮೆ. ಉಳಿದ ಮೂವರು ಏಳು ತರಗತಿಗಳನ್ನು ಮೂರು ಕೋಣೆಗಳಲ್ಲಿ ಕೂರಿಸಿಕೊಂಡಿದ್ದರು. ಒಂದರಿಂದ ಮೂರನೆಯ ತರಗತಿಯವರೆಗಿನ 48 ಮಕ್ಕಳು ನಲಿ-ಕಲಿ ಕೋಣೆಯಲ್ಲಿ, ನಾಲ್ಕು ಮತ್ತು ಐದನೆಯ ತರಗತಿಯ 38 ಮಕ್ಕಳು ಇನ್ನೊಂದರಲ್ಲಿ, ಆರು ಮತ್ತು ಏಳನೆಯ ತರಗತಿಯ 32 ಮಕ್ಕಳು ಮತ್ತೊಂದರಲ್ಲಿ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ, ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯಲೆಂದೇ ರೂಪಿಸಿದ ಪದ್ಧತಿ. ಅಲ್ಲಿ ಮಕ್ಕಳು ಒಟ್ಟಿಗೆ ಕೂರುವುದರಲ್ಲಿ ತಪ್ಪಿಲ್ಲ. ತೊಂದರೆ ಇದ್ದದ್ದು ಒಬ್ಬರೇ ಶಿಕ್ಷಕಿ 48 ಮಕ್ಕಳ ಕಾರ್ಡುಗಳನ್ನೂ ಕಲಿಕಾ ಮೆಟ್ಟಿಲುಗಳನ್ನೂ ಗಮನಿಸಬೇಕಾಗಿದ್ದುದರಲ್ಲಿ. ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಅಂಥ ಪದ್ಧತಿಯೂ ಇರಲಿಲ್ಲ. 40 ನಿಮಿಷಗಳ ಅವಧಿಯಲ್ಲಿ ಮೊದಲ 20 ನಿಮಿಷ ನಾಲ್ಕನೆಯವರಿಗೆ ಪಾಠ, ಅಷ್ಟು ಹೊತ್ತು ಐದನೆಯವರು ಕಪ್ಪು ಹಲಗೆ ನೋಡಿ ಬರೆದುಕೊಳ್ಳುವುದು, ಆಮೇಲೆ ಅದಲುಬದಲು. ಹೀಗಿರುವಾಗ ಒಂದು ಮಗುವಿಗೆ ವರ್ಷಕ್ಕೆ ಸಿಗುವುದು ಅರ್ಧ ವರ್ಷದ ಪಾಠ ಮಾತ್ರ. ಇಡೀ ಶಾಲೆಯ ಮಕ್ಕಳ ಸಂಖ್ಯೆಯನ್ನು ಶಿಕ್ಷಕರ ಸಂಖ್ಯೆಯಿಂದ ಭಾಗಿಸಿ ತೃಪ್ತಿಪಡುವವರು ಇಂಥ ಕೋಣೆಯಲ್ಲಿ ಒಂದು ದಿನ ಕೂತು ನೋಡಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರಿರಬೇಕು. ತರಗತಿಗೆ ಕನಿಷ್ಠ ಒಬ್ಬರಿರಬೇಕು. ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಪ್ರತ್ಯೇಕ ಶಿಕ್ಷಕರಿರಬೇಕು. ಯಾವ ಶಾಲೆಯಲ್ಲೂ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂದೂ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಮೂರರಲ್ಲೊಂದು ಪಾಲು ಖಾಲಿಯಿತ್ತು, ಮತ್ತು ಆರು-ಏಳನೆಯ ತರಗತಿಗೆ ವಿಜ್ಞಾನ ಓದಿದ ಶಿಕ್ಷಕರೇ ಇರಲಿಲ್ಲ.

ಆ ವರ್ಷ ನಮಗೆ ಇಬ್ಬರು ಅತಿಥಿ ಶಿಕ್ಷಕಿಯರು ಸಿಕ್ಕರು. ಒಬ್ಬರು ಬಿ.ಎಸ್‌ಸಿ., ಬಿ.ಇಡಿ. ಮುಗಿಸಿದವರು, ಇನ್ನೊಬ್ಬರು ಡಿ.ಇಡಿ. ಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾದವರು. ಮೊದಲನೆಯವರಿಗೆ ಆರು-ಏಳರ ವಿಜ್ಞಾನ ಮತ್ತು ಗಣಿತ ಒಪ್ಪಿಸಲಾಯಿತು. ಎರಡನೆಯವರು ನಾಲ್ಕನೆಯ ತರಗತಿಯನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ದರು. 38 ಮಕ್ಕಳ ಕೋಣೆ 20 ಮತ್ತು 18 ಮಕ್ಕಳ ಎರಡು ಕೋಣೆಗಳಾಯಿತು. ಆ ಬದಲಾವಣೆಯ ಫಲವನ್ನು ನಾನು ಮೊದಲು ಕಂಡದ್ದು ಮಗಳ ಬರವಣಿಗೆ ಪುಸ್ತಕದಲ್ಲಿ. ಅದುವರೆಗೆ ವಾರಕ್ಕೊಮ್ಮೆ ಒಂದು ಸರಿ ಗುರುತು ಮತ್ತು ಸಹಿ ಇರುತ್ತಿದ್ದ ಪುಟಗಳಲ್ಲಿ ದಿನವೂ ಕೆಂಪು ಶಾಯಿ ಕಾಣತೊಡಗಿತು. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಅವಳು ಎರಡನೆಯ ಒತ್ತಕ್ಷರವನ್ನು ಬಿಡುತ್ತಾಳೆಂಬುದನ್ನು ಆ ಶಿಕ್ಷಕಿ ಒಂದೇ ತಿಂಗಳಲ್ಲಿ ಗುರುತಿಸಿ, ಅಂಥ ಹತ್ತು ಪದಗಳನ್ನು ಪುಟದ ಕೆಳಗೆ ಬರೆದು ಕಳಿಸಿದ್ದರು. ಹಿಂದಿನ ಮೇಷ್ಟ್ರು ಅಸಡ್ಡೆಯವರೇನೂ ಆಗಿರಲಿಲ್ಲ. ಎರಡು ತರಗತಿಗಳ 38 ಪುಸ್ತಕಗಳನ್ನು ದಿನವೂ ಅಷ್ಟು ಗಮನವಿಟ್ಟು ತಿದ್ದಲು ಒಬ್ಬರಿಂದ ಸಾಧ್ಯವಿರಲಿಲ್ಲ, ಅಷ್ಟೆ.

ಮಕ್ಕಳ ಸಂಖ್ಯೆ ಕಡಿಮೆಯಾದರೆ ಕಲಿಕೆ ಹೆಚ್ಚುತ್ತದೆ ಎಂಬುದು ನಮ್ಮ ಊಹೆಯಲ್ಲ. ಅಮೆರಿಕದ ಟೆನೆಸಿ ರಾಜ್ಯ 1985ರಿಂದ ನಾಲ್ಕು ವರ್ಷ ಸಾವಿರಾರು ಮಕ್ಕಳನ್ನು ಚೀಟಿ ಎತ್ತಿದಂತೆ ಸಣ್ಣ ಮತ್ತು ದೊಡ್ಡ ತರಗತಿಗಳಿಗೆ ಹಂಚಿ ಇದನ್ನು ಪರೀಕ್ಷಿಸಿತ್ತು. 13ರಿಂದ 17 ಮಕ್ಕಳಿದ್ದ ತರಗತಿಗಳವರು ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು. ನಮಗೆ ಇನ್ನೂ ಹತ್ತಿರವೆನಿಸುವುದು ಕೆನ್ಯಾದ ಅನುಭವ. ಅಲ್ಲಿನ ಪಶ್ಚಿಮ ಭಾಗದ 140 ಶಾಲೆಗಳಲ್ಲಿ ಪೋಷಕರಿದ್ದ ಶಾಲಾ ಸಮಿತಿಗಳೇ ಗುತ್ತಿಗೆಯ ಮೇಲೆ ಒಬ್ಬೊಬ್ಬ ಹೆಚ್ಚುವರಿ ಶಿಕ್ಷಕರನ್ನು ನೇಮಿಸಿಕೊಂಡವು. ಆ ಹೊಸ ಶಿಕ್ಷಕರ ಬಳಿ ಕಲಿತ ಮಕ್ಕಳು ಚೆನ್ನಾಗಿ ಕಲಿತರು; ಆದರೆ ಹೊಸಬರು ಬಂದ ಮೇಲೆ ಕೆಲವೆಡೆ ಹಳೆಯ ಶಿಕ್ಷಕರ ಹಾಜರಿ ಸಡಿಲವಾಯಿತು, ಸಮಿತಿಗೆ ಮೇಲುಸ್ತುವಾರಿಯ ತರಬೇತಿ ಸಿಕ್ಕ ಕಡೆ ಆ ತೊಂದರೆ ಕಡಿಮೆಯಿತ್ತು. ಎಸ್‌ಡಿಎಂಸಿಯನ್ನು ಸಹಿ ಹಾಕುವ ಸಮಿತಿಯೆಂದು ಭಾವಿಸಿರುವ ನಮ್ಮವರು ಇದನ್ನು ಅಗತ್ಯವಾಗಿ ಗಮನಿಸಬೇಕು.

ಪಾಠದ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಈ ಸೇವೆಯನ್ನು ನಡೆಸುವ ರೀತಿಯ ಬಗ್ಗೆ. ಮೊದಲ ವರ್ಷ ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯರು ಬಂದದ್ದು ಜುಲೈ ಕೊನೆಯಲ್ಲಿ. ಶಾಲೆ ಆರಂಭವಾಗಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ವಿಜ್ಞಾನ ಪುಸ್ತಕದ ಮೊದಲ ಪಾಠಗಳು ಹಾಗೆಯೇ ಉಳಿದಿದ್ದವು. ಸಂಭಾವನೆ ತಿಂಗಳು ತಿಂಗಳು ಬರಲಿಲ್ಲ. ನಾಲ್ಕು ತಿಂಗಳ ಹಣ ಒಟ್ಟಿಗೆ ಬಂದದ್ದು ದೀಪಾವಳಿ ಕಳೆದ ಮೇಲೆ, ಅಲ್ಲಿಯವರೆಗೆ ಆ ಹೆಣ್ಣುಮಕ್ಕಳು ದಿನಕ್ಕೆ ಎರಡು ಬಸ್ಸು ಹತ್ತಿ ಇಳಿದು ಶಾಲೆಗೆ ಬರುತ್ತಿದ್ದರು. ಎರಡನೆಯ ವರ್ಷ ವಿಜ್ಞಾನದ ಶಿಕ್ಷಕಿ ನವೆಂಬರ್‌ನಲ್ಲಿ ಕೆಲಸ ಬಿಟ್ಟು ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಸೇರಿದರು. “ಅಲ್ಲಿ ಒಂದನೇ ತಾರೀಖಿಗೆ ಸಂಬಳ ಕೈಗೆ ಬರುತ್ತೆ ಅಕ್ಕ” ಎಂದು ಅವರು ಹೇಳಿದಾಗ ಸಮಿತಿಯವರು ಯಾರೂ ಮರುಮಾತಾಡಲಿಲ್ಲ.

ಆಗ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ ಇತ್ತು. 2025–26ರ ಬಜೆಟ್‌ನಲ್ಲಿ ಅದಕ್ಕೆ 2,000 ರೂಪಾಯಿ ಸೇರಿಸಲಾಯಿತು. ಈ ಹೆಚ್ಚಳವನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಹಾಗಿದ್ದರೂ 12,000 ರೂಪಾಯಿಯನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ 400 ರೂಪಾಯಿ. ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಮಣ್ಣು ಕೆಲಸದವರ ಕೂಲಿ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಎರಡು ಪದವಿ ಪಡೆದು 30 ಮಕ್ಕಳ ಹೊಣೆ ಹೊರುವವರಿಗೆ ಇದು ಸಾಲದು, ಅದರಲ್ಲೂ ಬೇಸಿಗೆ ರಜೆಯಲ್ಲಿ ಏನೂ ಸಿಗದಿರುವಾಗ. ಸರ್ಕಾರದ ಕಡೆಯಿಂದ ಲೆಕ್ಕ ಹಾಕಿದರೆ, ಹತ್ತು ತಿಂಗಳಿಗೆ 1,20,000 ರೂಪಾಯಿ ಖರ್ಚಾದಾಗ ನಮ್ಮ ನಾಲ್ಕು-ಐದನೆಯ ತರಗತಿಗಳ 38 ಮಕ್ಕಳು ಪ್ರತ್ಯೇಕವಾಗಿ ಕೂತು ಕಲಿಯುತ್ತಾರೆ. ಒಂದು ಮಗುವಿಗೆ ವರ್ಷಕ್ಕೆ ಸುಮಾರು 3,150 ರೂಪಾಯಿ. ಶಾಲೆಗಾಗಿ ಮಾಡುವ ಯಾವ ವೆಚ್ಚವೂ ಇಷ್ಟು ನೇರವಾಗಿ ಮಗುವನ್ನು ತಲುಪುವುದನ್ನು ನಾನು ಕಂಡಿಲ್ಲ.

ಕಾಯಂ ನೇಮಕಾತಿಯೇ ಇದಕ್ಕೆ ಸರಿಯಾದ ಉತ್ತರವೆಂಬುದರಲ್ಲಿ ಅನುಮಾನವಿಲ್ಲ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಪರೀಕ್ಷೆ ನಡೆದಾಗ ನಮ್ಮಂಥ ಶಾಲೆಗಳು ಬಹಳ ನಿರೀಕ್ಷೆ ಇಟ್ಟುಕೊಂಡಿದ್ದವು. ಮದುವೆಯಾದ ಅಭ್ಯರ್ಥಿಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವ್ಯಾಜ್ಯ ಕೋರ್ಟಿಗೆ ಹೋಗಿ ನೇಮಕಾತಿ ತಡವಾಯಿತು. 2025–26ರಲ್ಲಿಯೂ ರಾಜ್ಯ ಸುಮಾರು 51,000 ಅತಿಥಿ ಶಿಕ್ಷಕರನ್ನು ಅವಲಂಬಿಸಬೇಕಾಗಿ ಬಂದದ್ದನ್ನು ನೋಡಿದರೆ ಈ ‘ತಾತ್ಕಾಲಿಕ’ ಸೇವೆ ಎಷ್ಟು ದೊಡ್ಡದಾಗಿದೆಯೆಂದು ತಿಳಿಯುತ್ತದೆ.

ಇನ್ನೊಂದು ಆತಂಕವನ್ನು ಹೇಳಲೇಬೇಕು. ಶಿಕ್ಷಕರಿಲ್ಲವೆಂದು ಕೆಲವು ಪೋಷಕರು ಮಕ್ಕಳ ಟಿ.ಸಿ. ತೆಗೆದುಕೊಂಡು ವ್ಯಾನ್ ಬರುವ ಖಾಸಗಿ ಶಾಲೆಗೆ ಸೇರಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿದೊಡನೆ ಇರುವ ಶಿಕ್ಷಕರಲ್ಲಿ ಒಬ್ಬರು ‘ಹೆಚ್ಚುವರಿ’ ಎಂಬ ಪಟ್ಟಿಗೆ ಸೇರಿ ಬೇರೆ ಶಾಲೆಗೆ ಹೋಗುತ್ತಾರೆ; ಅವರು ಹೋದದ್ದನ್ನು ನೋಡಿ ಇನ್ನಷ್ಟು ಪೋಷಕರು ಟಿ.ಸಿ. ಕೇಳುತ್ತಾರೆ. ಪಕ್ಕದ ಊರಿನ ಶಾಲೆ ಐದೇ ವರ್ಷಗಳಲ್ಲಿ ಹೀಗೆ ಬರಿದಾದದ್ದನ್ನು ನಾವೆಲ್ಲ ಕಂಡಿದ್ದೇವೆ.

ಐದಕ್ಕೆ ಅಂಕ ಕೊಡಬೇಕೆಂದರೆ ಪಾಠಕ್ಕೆ ನಾಲ್ಕೂವರೆ, ಸಕಾಲಿಕತೆಗೆ ಒಂದೂವರೆ ಕೊಡುತ್ತೇನೆ. ಅತಿಥಿ ಶಿಕ್ಷಕರ ಆಯ್ಕೆಯಲ್ಲಿ ಮುಖ್ಯ ಶಿಕ್ಷಕರ ಜೊತೆ ಎಸ್‌ಡಿಎಂಸಿಗೂ ಪಾತ್ರವಿರುವುದರಿಂದ, ಖಾಲಿ ಹುದ್ದೆಗಳ ಪಟ್ಟಿಯನ್ನು ಏಪ್ರಿಲ್ ಸಭೆಯಲ್ಲಿಯೇ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಅರ್ಹರಿಗೆ ಮೊದಲೇ ಸುದ್ದಿ ಮುಟ್ಟಿಸಬಹುದು. ನಾವು ಈ ಸಲ ಹಾಗೆಯೇ ಮಾಡಿದೆವು. ಜೂನ್ ಎರಡನೆಯ ವಾರದಲ್ಲಿ ಇಬ್ಬರೂ ಬಂದರು, ನಾಲ್ಕನೆಯ ತರಗತಿ ತನ್ನ ಕೋಣೆಗೆ ಮರಳಿತು, ಮತ್ತು ಏಳನೆಯ ತರಗತಿಯವರು ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ವಿಜ್ಞಾನವನ್ನು ಒಂದನೆಯ ಪಾಠದಿಂದ ಓದಲಾರಂಭಿಸಿದರು.