ಅಪ್ರೆಂಟಿಸ್ ಯೋಜನೆ: ಕೊಡಗಿನ ಒಬ್ಬ ಸಣ್ಣ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ನ ಅನುಭವ

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ನಮ್ಮದು ಕುಶಾಲನಗರದಲ್ಲಿ ಸಣ್ಣ ಎಲೆಕ್ಟ್ರಿಕಲ್ ಕಾಂಟ್ರಾಕ್ಟ್. ಮನೆ ವೈರಿಂಗ್, ಹೋಂಸ್ಟೇ, ತೋಟದ ಪಂಪ್‌ಸೆಟ್, ಕಾಫಿ ಪಲ್ಪರ್ ಮೋಟಾರು, ಇಷ್ಟೇ ನಮ್ಮ ಕೆಲಸ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಐಟಿಐ ಹುಡುಗರನ್ನು ಅಪ್ರೆಂಟಿಸ್ ಆಗಿ, ಅಂದರೆ ಕೆಲಸ ಮಾಡುತ್ತಾ ಕಲಿಯುವವರಾಗಿ, ತೆಗೆದುಕೊಳ್ಳುತ್ತಾ ಕೆಲವು ವರ್ಷಗಳಾದವು. ಈ ಯೋಜನೆ 2016ರಿಂದ ಇದೆ. ಆದರೂ ನಮ್ಮ ಕಡೆಯ ಎಷ್ಟೋ ಕಾಂಟ್ರಾಕ್ಟರುಗಳು ಇದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಅಂದುಕೊಂಡಿದ್ದಾರೆ. ಹಾಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಕೆಲಸಕ್ಕೆ ಬರವಿಲ್ಲ, ಕೆಲಸ ಗೊತ್ತಿರುವವರಿಗೆ ಬರ. ಐಟಿಐ ಮುಗಿಸಿದ ಹುಡುಗರು ಮೈಸೂರು, ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಸ್ವಲ್ಪ ಅನುಭವ ಆದವರು ಗಲ್ಫ್ ಕಡೆ ನೋಡುತ್ತಾರೆ. ಊರಲ್ಲೇ ಉಳಿದವರಿಗೂ ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ಮನೆಯಲ್ಲಿ ಎರಡೆಕರೆ ತೋಟ ಇದ್ದರೂ ಆಗ ಸೈಟಿಗೆ ಬರುವುದಿಲ್ಲ, ಬರಲು ಹೇಳುವುದೂ ತಪ್ಪು. ಕೊಯ್ಲಿನ ಹಿಂದೆಯೇ ರೋಬಸ್ಟಾ ಹೂವಿಗೆ ನೀರು ಹಾಯಿಸುವ ಸಮಯ. ಎಲ್ಲರೂ ಒಟ್ಟಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ವೋಲ್ಟೇಜ್ ಬೀಳುತ್ತದೆ, ಮೋಟಾರು ಸುಡುತ್ತದೆ, ನಮ್ಮ ಫೋನ್ ನಿಲ್ಲುವುದಿಲ್ಲ. ಜೂನ್ ಆದ ಮೇಲೆ ಮಳೆ. ಹೊರಗಿನಿಂದ ಬಂದ ಕೆಲಸಗಾರರು ಆಗ ಊರಿಗೆ ಹೊರಟುಬಿಡುತ್ತಾರೆ.

ಮೊದಲು ದುಡ್ಡು ಕಟ್ಟಿ ಒಂದು ಉದ್ಯೋಗದ ಆಪ್ ಬಳಸುತ್ತಿದ್ದೆವು. ಫೋನ್ ನಂಬರ್‌ಗಳು ಧಾರಾಳವಾಗಿ ಬರುತ್ತಿದ್ದವು. ಅದರಲ್ಲಿ ಜಾಸ್ತಿ ಜನ ಮೈಸೂರಿನಲ್ಲಿ ಕೂತವರು. ‘ಕುಶಾಲನಗರ’ ಅಂದ ತಕ್ಷಣ ರೂಮ್ ಕೊಡ್ತೀರಾ ಎಂದು ಕೇಳುತ್ತಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಐದು ವರ್ಷ ಅನುಭವ ಎಂದು ಹಾಕಿಕೊಂಡವರಿಗೆ ಮೋಟಾರು ಚಾಲೂ ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನ ಕನೆಕ್ಷನ್ ಗೊತ್ತಿರುತ್ತಿರಲಿಲ್ಲ. ಆಪ್‌ಗೆ ಅದನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ. ನವೀಕರಿಸಲಿಲ್ಲ, ಬಿಟ್ಟೆವು.

ಅಪ್ರೆಂಟಿಸ್ ಯೋಜನೆ ಹೀಗಿದೆ. ಸಂಸ್ಥೆಯಲ್ಲಿ ನಾಲ್ಕು ಜನ ಇದ್ದರೆ ಸಾಕು, ನೋಂದಣಿ ಮಾಡಿಸಬಹುದು. ಕಾಂಟ್ರಾಕ್ಟ್ ಮೇಲೆ ದುಡಿಯುವವರೂ ಆ ಲೆಕ್ಕಕ್ಕೆ ಬರುತ್ತಾರೆ. ಮೂವತ್ತು ಜನ ಮುಟ್ಟಿದರೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ, ಅದಕ್ಕಿಂತ ಕಡಿಮೆ ಇದ್ದರೆ ನಮ್ಮ ಇಷ್ಟ. ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಎರಡು ವರ್ಷದ ಐಟಿಐ ಮುಗಿಸಿದ ಹುಡುಗನಿಗೆ ನಮ್ಮಲ್ಲಿ ಒಂದು ವರ್ಷದ ತರಬೇತಿ. ಸ್ಟೈಪೆಂಡ್, ಅಂದರೆ ತರಬೇತಿಯ ತಿಂಗಳ ಭತ್ಯೆ, ನಾವು ಕೊಡಬೇಕು. ನಿಗದಿಯಾದ ಕನಿಷ್ಠ ಸ್ಟೈಪೆಂಡ್‌ನ ಶೇಕಡಾ 25ರಷ್ಟು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ, ಸರ್ಕಾರದ ಪಾಲು. 2023ರಿಂದ ಆ ಪಾಲು ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೇ ಹೋಗುತ್ತದೆ. ಒಪ್ಪಂದ ಆನ್‌ಲೈನ್‌ನಲ್ಲಿ ಆಗುತ್ತದೆ, ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ರೀತಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ.

ಕನಿಷ್ಠಕ್ಕಿಂತ ಜಾಸ್ತಿ ಕೊಡಬಾರದು ಎಂದೇನಿಲ್ಲ. ನಾವು ಜಾಸ್ತಿ ಕೊಡುತ್ತೇವೆ, ಮಧ್ಯಾಹ್ನದ ಊಟ ಮತ್ತು ಬಸ್ ಚಾರ್ಜ್ ಬೇರೆ. ಸೋಮವಾರಪೇಟೆ ಕಡೆಯಿಂದ ದಿನಾ ಬಂದು ಹೋಗುವ ಹುಡುಗನಿಗೆ ಬರೀ ಸ್ಟೈಪೆಂಡ್‌ನಲ್ಲಿ ಏನು ಉಳಿಯುತ್ತದೆ ಹೇಳಿ. ಇದು ಅಗ್ಗದ ಕೂಲಿ ಅಂದುಕೊಂಡು ಬರುವವರು ದಯವಿಟ್ಟು ಬರಬೇಡಿ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಾನೂನಿನ ಪ್ರಕಾರ ಮಾಲೀಕನದೇ. ಅದಕ್ಕೆ ಮೊದಲ ದಿನವೇ ವಿಮೆ ಮಾಡಿಸುತ್ತೇವೆ.

ಒಂದು ವರ್ಷದಲ್ಲಿ ಹುಡುಗ ಹೇಗೆ ತಯಾರಾಗುತ್ತಾನೆ ಎನ್ನುವುದಕ್ಕೆ ಒಂದು ಜುಲೈ ತಿಂಗಳ ಕೆಲಸ ಹೇಳುತ್ತೇನೆ. ಒಂದು ಹೋಂಸ್ಟೇಯಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ನಿಲ್ಲುತ್ತಲೇ ಇರಲಿಲ್ಲ. ಒಂದೊಂದು ಸರ್ಕ್ಯೂಟ್‌ನ ಸ್ವಿಚ್ ಆದ ಎಂಸಿಬಿಗಳನ್ನೆಲ್ಲ ಇಳಿಸಿದರೂ ಟ್ರಿಪ್. ಇಂಥ ಕಡೆ ಬಹಳ ಜನ ಆರ್‌ಸಿಸಿಬಿಯೇ ಕೆಟ್ಟಿದೆ ಎಂದು ಹೊಸದು ಹಾಕಿಸುತ್ತಾರೆ. ಇನ್ನು ಕೆಲವರು ಬೈಪಾಸ್ ಮಾಡಿ ಹೋಗುತ್ತಾರೆ, ಅದು ಜೀವ ತೆಗೆಯುವ ಕೆಲಸ. ನಮ್ಮ ಅಪ್ರೆಂಟಿಸ್ ಹುಡುಗ ಈ ಸ್ವಿಚ್‌ಗಳಿರುವ ಪೆಟ್ಟಿಗೆಯ (ಡಿಬಿ) ಮುಂದೆ ನಿಂತು, ‘ಅಣ್ಣ, ಎಂಸಿಬಿ ಫೇಸ್ ಮಾತ್ರ ಕಟ್ ಮಾಡುತ್ತೆ. ನ್ಯೂಟ್ರಲ್ ಬಿಚ್ಚಿ ನೋಡೋಣ್ವಾ?’ ಅಂದ. ಮೇನ್ ಆಫ್ ಮಾಡಿದ. ಟೆಸ್ಟರ್ ಇಟ್ಟು ಸಪ್ಲೈ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ನ್ಯೂಟ್ರಲ್ ಲಿಂಕ್‌ನಿಂದ ಒಂದೊಂದೇ ವೈರ್ ಬಿಚ್ಚಿ, ಟೇಪ್ ಹಚ್ಚಿ ನಂಬರ್ ಬರೆದು, ಅರ್ಥ್‌ಗೆ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕುತ್ತಾ ಹೋದ. ಗಾರ್ಡನ್ ಲೈಟಿನ ಸರ್ಕ್ಯೂಟ್‌ಗೆ ಬಂದಾಗ ಮುಳ್ಳು ಸೊನ್ನೆಯ ಹತ್ತಿರ ಬಂತು, ಅಂದರೆ ಸೋರಿಕೆ ಅಲ್ಲೇ. ಗೇಟಿನ ಪಕ್ಕದ ಜಂಕ್ಷನ್ ಬಾಕ್ಸ್ ತೆಗೆದರೆ ಒಳಗೆ ನೀರು, ಕೆಂಪು ಇರುವೆ ಗೂಡು, ಹಸಿರು ಕಟ್ಟಿದ ತಾಮ್ರ. ಬಾಕ್ಸ್ ಬದಲಾಯಿಸಿ, ಕೇಬಲ್ ಗ್ಲ್ಯಾಂಡ್ ಹಾಕಿ, ಗೋಡೆ ಮೇಲೆ ಎತ್ತರಿಸಿ ಕೂರಿಸಿದೆವು. ಆ ಮಳೆಗಾಲದಲ್ಲಿ ಆರ್‌ಸಿಸಿಬಿ ಮತ್ತೆ ಟ್ರಿಪ್ ಆಗಲಿಲ್ಲ.

ಆ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ, ಸೈಟ್ ನೋಡಿಕೊಳ್ಳುತ್ತಾನೆ. ಎಲ್ಲರೂ ಉಳಿಯುವುದಿಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದು ನಮಗಿಲ್ಲ, ಇರಲೇಬೇಕು ಎಂದು ಅವರಿಗೂ ಇಲ್ಲ. ನನ್ನ ಮಟ್ಟಿಗೆ ಹೀಗೆ ನಮ್ಮಲ್ಲೇ ಉಳಿಯುವವರಿಂದಲೇ ಈ ಯೋಜನೆ ಲಾಭ. ಬಿಟ್ಟು ಹೋದವರೂ ಟ್ರೇಡ್ ಪರೀಕ್ಷೆ ಬರೆದು ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಹಿಡಿದುಕೊಂಡೇ ಹೋಗಿದ್ದಾರೆ, ಅದು ನನಗೆ ಖುಷಿಯೇ.

ಒಂದು ವಿಷಯ ಗಮನದಲ್ಲಿರಲಿ. ಈ ಪ್ರಮಾಣಪತ್ರ ಬೇರೆ, ವೈರ್‌ಮನ್ ಪರ್ಮಿಟ್ ಬೇರೆ. ವೈರಿಂಗ್ ಕೆಲಸ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಯಲ್ಲಿ, ಪರ್ಮಿಟ್ ಇರುವ ಸೂಪರ್‌ವೈಸರ್ ಕಣ್ಣೆದುರು ನಡೆಯಬೇಕು. ಹಾಗಾಗಿ ಅಪ್ರೆಂಟಿಸ್ ಒಬ್ಬನನ್ನೇ ಸೈಟಿಗೆ ಕಳಿಸುವ ಮಾತೇ ಇಲ್ಲ. ಉಳಿಯುವ ಹುಡುಗರಿಗೆ ಪರ್ಮಿಟ್ ಅರ್ಜಿಯ ಖರ್ಚು ನಾವೇ ಹಾಕುತ್ತೇವೆ.

ಹುಡುಗರನ್ನು ಹುಡುಕಲು ಯೋಜನೆಯ ಪೋರ್ಟಲ್‌ನಲ್ಲಿ ಜಾಹೀರಾತು ಹಾಕಿ ಸುಮ್ನೆ ಕೂತರೆ ಆಗದು. ಪರೀಕ್ಷೆ ಮುಗಿಯುವ ಮೊದಲೇ ಐಟಿಐಗೆ ಹೋಗಿ ಬೋಧಕರನ್ನು ಮಾತಾಡಿಸಿ. ‘ಕೈ ಚೆನ್ನಾಗಿರುವವರು ಯಾರು’ ಎಂದು ಕೇಳಿದರೆ ಅವರು ಅಂಕ ನೋಡಿ ಹೇಳುವುದಿಲ್ಲ, ವರ್ಕ್‌ಶಾಪ್‌ನಲ್ಲಿ ಕಂಡದ್ದನ್ನು ಹೇಳುತ್ತಾರೆ. ಆಮೇಲೆ ನಾವೊಂದು ಬೋರ್ಡ್ ಕೊಡುತ್ತೇವೆ, ಮೆಟ್ಟಿಲಿನ ಟೂ ವೇ ವೈರಿಂಗ್ ಮಾಡಿ ತೋರಿಸಬೇಕು. ಲೈಟ್ ಹತ್ತುವುದಕ್ಕಿಂತ ಮುಖ್ಯವಾಗಿ ನಾನು ನೋಡುವುದು ಎರಡೇ: ವೈರ್ ಮುಟ್ಟುವ ಮೊದಲು ಟೆಸ್ಟರ್ ಇಟ್ಟನಾ, ಸ್ವಿಚ್ಚಿಗೆ ಫೇಸ್ ಕೊಟ್ಟನಾ ಅಥವಾ ನ್ಯೂಟ್ರಲ್ಲಾ.

ಕಡಿಮೆ ಮಾಡಿದ ಒಂದು ಸ್ಟಾರ್ ಹಿರಿಯ ಕೆಲಸಗಾರರ ಲೆಕ್ಕದ್ದು. ಪ್ಯಾನೆಲ್ ಕಟ್ಟಬಲ್ಲ, ನಾಲ್ಕು ಜನರನ್ನು ನಡೆಸಬಲ್ಲ ವೈರ್‌ಮನ್ ಈ ಯೋಜನೆಯಿಂದ ಸಿಗುವುದಿಲ್ಲ, ಇದು ಅದಕ್ಕೆಂದು ಇರುವುದೂ ಅಲ್ಲ. ಅಂಥವರು ಬೇಕಾದಾಗ ನಾವು ಇವತ್ತಿಗೂ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೇಳಿಡುತ್ತೇವೆ. ಯಾರು ಎಂಥ ಸಾಮಾನು ಒಯ್ಯುತ್ತಾರೆ, ಯಾರು ಅರ್ಥ್ ವೈರ್ ಬಿಟ್ಟು ಬಿಲ್ ಮಾಡಿಸುತ್ತಾರೆ ಎಂದು ಕೌಂಟರ್‌ನಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತಿರುತ್ತದೆ.